ಅಪ್ಪನ ಚೀನೀ, ಅಂಗಡಿಯ ಅರಬಿ

ಸೇನೆಗೆ ಸೇರುತ್ತೇನೆ ಎಂದು ನಾನು ಹೇಳಿದಾಗ ಮನೆಯಲ್ಲಿ ಯಾರೂ ಗಲಾಟೆ ಮಾಡಲಿಲ್ಲ. ಗಲಾಟೆ ಶುರುವಾದದ್ದು, ಅದಕ್ಕೆ ಯಾವ ಭಾಷೆ ಕಲಿಯಬೇಕು ಎಂಬಲ್ಲಿ.

ಕಾಲೇಜು ಕೆಡೆಟ್‌ಗಳ ಶಿಬಿರದಲ್ಲಿ ಒಬ್ಬ ಮೇಜರ್, ನಿನಗೆ ಎಷ್ಟು ಭಾಷೆ ಬರುತ್ತದೆ ಎಂದು ಕೇಳಿದ್ದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಜಗಳಕ್ಕೆ ಸಾಲುವಷ್ಟು ಕೊಂಕಣಿ, ಅಂಗಡಿಯಲ್ಲಿ ಚೌಕಾಸಿಗೆ ಸಾಲುವಷ್ಟು ಬ್ಯಾರಿ, ಮತ್ತೆ ಹಿಂದಿ, ಇಂಗ್ಲಿಷ್ ಎಂದು ಎದೆಯುಬ್ಬಿಸಿ ಹೇಳಿದೆ. ಅವರು ಸ್ವಲ್ಪವೂ ಮೆಚ್ಚಲಿಲ್ಲ. “ಇವೆಲ್ಲ ನಮ್ಮಲ್ಲೇ ಇರುವಂಥವು. ಗಡಿಯಾಚೆಗೆ ಉಪಯೋಗವಾಗುವ ಒಂದನ್ನು ಕಲಿ. ಯೋಚಿಸಿ ಆರಿಸು” ಎಂದರು.

ಯೋಚಿಸುವ ಕೆಲಸವನ್ನು ಅಪ್ಪ ಕೂಡಲೇ ಕೈಗೆತ್ತಿಕೊಂಡರು. ಅವರು ನಮ್ಮೂರು ಜೆಪ್ಪಿನಲ್ಲಿ ಮನೆಯ ಪಕ್ಕದ ದೇವಿ ಗುಡಿಯ ಅರ್ಚಕರು. ಮಧ್ಯಾಹ್ನದ ಪೂಜೆ ಮುಗಿಸಿದರೆ ದೀಪ ಹಚ್ಚುವ ಹೊತ್ತಿನವರೆಗೆ ಪ್ರಪಂಚದ ರಾಜಕೀಯವೆಲ್ಲ ಅವರದೇ. ಆ ರಾಜಕೀಯಕ್ಕೆ ಎದುರಾಳಿಯೆಂದರೆ ರಸ್ತೆಯಾಚೆಯ ಅಂಗಡಿಯ ಸಾಹೇಬರು. ಅರ್ಧ ಆಯುಷ್ಯ ಗಲ್ಫಿನಲ್ಲಿ ಬಟ್ಟೆ ಮಾರಿ ಬಂದವರು.

“ಚೀನೀ ಕಲೀಬೇಕು. ಗಡಿಯಲ್ಲಿ ನಿಂತದ್ದು ಅವರಲ್ವಾ?” ಎಂದರು ಅಪ್ಪ.

“ಎಂತ ಭಟ್ರೇ, ಆ ಗುಡ್ಡದ ತುದಿಯಲ್ಲಿ ಮಾತಾಡ್ಲಿಕ್ಕೆ ಯಾರುಂಟು? ಅರಬಿ ಕಲೀಲಿ. ಎಣ್ಣೆ ಎಲ್ಲಿ ಉಂಟೋ ಅಲ್ಲಿ ಗಲಾಟೆ ಉಂಟು. ಗಲಾಟೆ ಇದ್ದಲ್ಲಿ ಮಿಲಿಟರಿಗೆ ಕೆಲಸ ಉಂಟು” ಎಂದರು ಸಾಹೇಬರು.

ಇಬ್ಬರೂ ನನ್ನ ಮುಖ ನೋಡಿದರು. ನನಗೆ ಆಗ ಒಂದು ತುಂಟ ಉಪಾಯ ಹೊಳೆಯಿತು. ಅಂಗಡಿಗೆ ಒಬ್ಬಳೇ ಹೋಗಿ, “ಅಪ್ಪನಿಗೆ ಬೇಸರ ಆಗ್ತದೆ, ಹೇಳ್ಬೇಡಿ. ನಾನು ಅರಬಿಯೇ ಕಲಿಯೋದು” ಎಂದೆ. ಮನೆಗೆ ಬಂದು ಅಪ್ಪನಿಗೆ, “ಸಾಹೇಬರಿಗೆ ಹೇಳ್ಬೇಡಿ, ಚೀನೀಯೇ” ಎಂದೆ. ಇಬ್ಬರೂ ಒಳಗೊಳಗೇ ಗೆದ್ದು ಒಂದು ವಾರ ಪರಸ್ಪರ ಎಷ್ಟು ಪ್ರೀತಿಯಿಂದ ಮಾತಾಡಿದರೆಂದರೆ, ಅಮ್ಮನಿಗೆ ಅನುಮಾನ ಬಂತು.

ಸಾಹೇಬರು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪಾಠ ಶುರು ಮಾಡಿದರು. ಅವರ ಅರಬಿಯೆಲ್ಲ ಕೌಂಟರಿನ ಹಿಂದೆ ನಿಂತು ಕಲಿತದ್ದು. ‘ಇದೇ ಕೊನೆಯ ಬೆಲೆ’, ‘ಬಣ್ಣ ಹೋಗುವುದಿಲ್ಲ’, ‘ಮುದೀರ್ ಮಾಫಿ, ಬುಕ್ರಾ ತಾಲ್’, ಅಂದರೆ ‘ಯಜಮಾನರಿಲ್ಲ, ನಾಳೆ ಬಾ’. ಶತ್ರು ಸೈನಿಕನಿಗೆ ಎರಡು ಮೀಟರ್ ಬಟ್ಟೆ ಮಾರುವಷ್ಟು ನಾನು ಬೇಗನೆ ತಯಾರಾದೆ.

ಚೀನೀ ಮಾತ್ರ ನನ್ನ ನಾಲಿಗೆಗೆ ಹತ್ತಲಿಲ್ಲ. ಮೊಬೈಲಿನ ಪಾಠದ ಹೆಂಗಸು ಒಂದೇ ‘ಮಾ’ವನ್ನು ನಾಲ್ಕು ರೀತಿ ಹೇಳುತ್ತಿದ್ದಳು, ನಾನು ಹೇಗೆ ಹೇಳಿದರೂ ಮೊಬೈಲು ಟೊಂಯ್ ಎಂದು ಕೆಂಪಾಗುತ್ತಿತ್ತು. ಕೇಳಿ ಕೇಳಿ ಅಪ್ಪನಿಗೆ ತಡೆಯಲಾಗಲಿಲ್ಲ. “ಕೊಡಿಲ್ಲಿ” ಎಂದು ಕಸಿದುಕೊಂಡರು. ವೇದದ ಸ್ವರ ಏರಿಸಿ ಇಳಿಸಿ ಪಳಗಿದ ಗಂಟಲು; ನಾಲ್ಕೂ ‘ಮಾ’ ಹಸಿರಾದವು. ಅಪ್ಪನ ಮುಖ ನೋಡಬೇಕಿತ್ತು! ಆವತ್ತಿನಿಂದ ಮೊಬೈಲು ನನಗೆ ಸಿಗಲೇ ಇಲ್ಲ.

ಒಂದು ಬೆಳಿಗ್ಗೆ ಗುಡಿಗೆ ಹೋದರೆ ಅಪ್ಪ ಗಂಧ ತೇಯುತ್ತಾ ‘ಮಾ, ಮಾ’ ಎಂದು ಅಭ್ಯಾಸ ಮಾಡುತ್ತಿದ್ದರು. ದಿನವೂ ಬರುವ ಅಜ್ಜಿಯೊಬ್ಬರು ಕೈಮುಗಿದು ನಿಂತಿದ್ದರು.

“ಹೊಸ ಮಂತ್ರವಾ ಭಟ್ರೇ?”

ಅಪ್ಪ ಸುಳ್ಳು ಹೇಳುವವರಲ್ಲ. “ಅಮ್ಮ ಅಂತ ಅರ್ಥ” ಎಂದರು. ಸ್ವರ ಸ್ವಲ್ಪ ಜಾರಿದರೆ ಅದೇ ‘ಮಾ’ಗೆ ಕುದುರೆ ಎಂಬ ಅರ್ಥವೂ ಉಂಟೆಂದು ಹೇಳಲಿಲ್ಲ. ಅಜ್ಜಿ ಭಕ್ತಿಯಿಂದ ಅದನ್ನೇ ಜಪಿಸುತ್ತಾ ಪ್ರದಕ್ಷಿಣೆಗೆ ಹೊರಟರು. ಅವರ ಬಾಯಲ್ಲಿ ಪೂರ್ತಿ ಕುದುರೆಯೇ ಬರುತ್ತಿತ್ತು. ನಾನು ಕಂಬದ ಹಿಂದೆ, ನಗು ಕೇಳಿಸದಂತೆ ಶಾಲು ಬಾಯಿಗೆ ತುರುಕಿಕೊಂಡು ನಿಂತೆ.

ಆಯ್ಕೆಯ ಸಂದರ್ಶನದ ದಿನ ಬಂತು. ಮೇಜಿನಾಚೆಯ ಕರ್ನಲ್ ಗಂಭೀರವಾಗಿ ಕೇಳಿದರು.

“ವಿದೇಶಿ ಭಾಷೆ?”

“ಸ್ವಲ್ಪ ಅರಬಿ, ಸರ್.”

“ಏನಾದರೂ ಹೇಳು.”

ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ. “ಮುದೀರ್ ಮಾಫಿ, ಬುಕ್ರಾ ತಾಲ್!” ಸಾಹೇಬರ ಗದರಿಕೆಯ ಧಾಟಿಯೂ ಜೊತೆಗೇ ಬಂದುಬಿಟ್ಟಿತು.

ಕರ್ನಲ್ ಪೆನ್ನು ಕೆಳಗಿಟ್ಟರು. ಅವರು ಹಿಂದೆ ಗಲ್ಫಿನಲ್ಲಿ ಕೆಲಸ ಮಾಡಿದವರಂತೆ. “ನನಗೇ ನಾಳೆ ಬಾ ಅಂತಿದ್ದೀಯಾ? ಎಲ್ಲಿ ಕಲಿತೆ?”

“ಬಟ್ಟೆ ವ್ಯಾಪಾರಿಯಿಂದ, ಸರ್.”

“ಬೇರೆ ಭಾಷೆ?”

“ಚೀನೀ ಆರಿಸಿದ್ದೆ ಸರ್. ಆದರೆ ಅದು ಅಪ್ಪನಿಗೆ ಬಂತು.”

“ತಂದೆ ಸೇನೆಯಲ್ಲಿದ್ದಾರಾ?”

“ಇಲ್ಲ ಸರ್, ದೇವಸ್ಥಾನದಲ್ಲಿ.”

ಅವರು ಮುಖ ತಿರುಗಿಸಿ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು. ಆಯ್ಕೆಯಾದೆ.

ತರಬೇತಿ ಮುಗಿದು ಒಂದೆರಡು ವರ್ಷವಾದ ಮೇಲೆ ಭಾಷಾ ತರಬೇತಿಗೆ ಹೆಸರು ಕೊಟ್ಟೆ. ಮೊದಲ ಆಯ್ಕೆ ಅರಬಿ, ಎರಡನೆಯದು ಚೀನೀ. ಆದೇಶ ಬಂತು: ಬರ್ಮೀಸ್. ಮನೆಗೆ ಫೋನ್ ಮಾಡಿದೆ. “ಅದ್ಯಾಕೆ ಬರ್ಮೀಸ್?” ಎಂದು ಅಪ್ಪ ಕೇಳಿದರು. “ಸೀಟು ಅಲ್ಲಿ ಇತ್ತಂತೆ” ಎಂದೆ. ಅಷ್ಟು ವರ್ಷದ ಯುದ್ಧನೀತಿಯೆಲ್ಲ ಒಂದು ಖಾಲಿ ಕುರ್ಚಿಗೆ ಸೋತಿತ್ತು.

ಮೊದಲ ತರಗತಿಯಲ್ಲಿ ಬೋರ್ಡಿನ ತುಂಬ ಗುಂಡುಗುಂಡಾದ ಅಕ್ಷರಗಳು. ಪಕ್ಕದಲ್ಲಿ ಕೂತಿದ್ದ ಪಂಜಾಬಿನ ಕ್ಯಾಪ್ಟನ್, “ಎಲ್ಲವೂ ಜಿಲೇಬಿ” ಎಂದು ತಲೆ ಹಿಡಿದುಕೊಂಡ. ನನಗೆ ಮಾತ್ರ ಊರಿನ ಬಸ್ಸಿನ ಕನ್ನಡ ಬೋರ್ಡು ನೋಡಿದಂತಾಗಿ ಖುಷಿಯಾಯಿತು. ಶಿಕ್ಷಕಿ ಮೊದಲಕ್ಷರ ತೋರಿಸಿ “ಕ” ಎಂದರು. ಎರಡನೆಯದಕ್ಕೆ “ಖ” ಎಂದರು. ನಾನು ತಡೆಯಲಾರದೆ “ಗ, ಘ, ಙ” ಎಂದು ಮುಗಿಸಿಯೇಬಿಟ್ಟೆ.

ತರಗತಿಯೆಲ್ಲ ನನ್ನತ್ತ ತಿರುಗಿತು. “ಮೊದಲೇ ಕಲಿತಿದ್ದೀರಾ?” ಎಂದರು ಶಿಕ್ಷಕಿ.

“ಚಿಕ್ಕಂದಿನಲ್ಲಿ, ಸ್ವಲ್ಪ” ಎಂದೆ.