ಎರಡು ಭಾಷೆಯ ಒಂದು ‘ಸೋಸು’

ಎರಡು ಸಾವಿರದ ಇಸವಿ ದಾಟಿದ ಹೊಸದು. ಪುಣೆಯಲ್ಲಿ ನನ್ನ ಪಿಎಚ್‌ಡಿ ನಡೆದಿತ್ತು. ಭಾರವಾದ ಎರಡು ನ್ಯೂಕ್ಲಿಯಸ್‌ಗಳು ಡಿಕ್ಕಿ ಹೊಡೆದರೆ ಒಳಗಿನ ಕ್ವಾರ್ಕು, ಗ್ಲುಆನುಗಳು ಕರಗಿ ಒಂದು ಚಣ ಕುದಿಯುವ ಸಾರಿನಂತಾಗುತ್ತವೆ. ಅದೇ ಪ್ಲಾಸ್ಮಾ. ಅದರೊಳಗೆ ಬಿರುಸಾಗಿ ನುಗ್ಗುವ ಕಣಗಳ ಗುಂಪು, ಅಂದರೆ ಜೆಟ್, ಗುದ್ದಾಡಿ ಚದುರುತ್ತ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ನನ್ನ ಲೆಕ್ಕ. ಮರಾಠಿಯವರಾದ ನಮ್ಮ ಗೈಡ್ ದಿನಾ ಕೇಳುತ್ತಿದ್ದರು: “ಕಿತೀ ಸೋಸಲಂ?” ಮರಾಠಿಯಲ್ಲಿ ‘ಸೋಸಣೆ’ ಅಂದರೆ ತಾಳಿಕೊಳ್ಳುವುದು. ಜೆಟ್ ಎಷ್ಟು ಏಟು ತಿಂದಿತು ಎಂದು ಅವರ ಪ್ರಶ್ನೆ.

ನನ್ನ ಲೆಕ್ಕ ಮಾತ್ರ ಕೂಡುತ್ತಿರಲಿಲ್ಲ. ಒಳಗೆ ಹೋದಷ್ಟು ಶಕ್ತಿ ಹೊರಗೆ ಸಿಗುತ್ತಿರಲಿಲ್ಲ. ಸೋಮವಾರದೊಳಗೆ ಸರಿಯಾಗದಿದ್ದರೆ ಈ ಅಧ್ಯಾಯ ಬಿಡು ಎಂದುಬಿಟ್ಟರು ಗೈಡ್. ಬಿಟ್ಟರೆ ನಾಲ್ಕು ವರ್ಷದ ದುಡಿತ ನೀರುಪಾಲು.

ಭಾನುವಾರ ಬೆಳಿಗ್ಗೆ ಚಿಂಚವಾಡದ ಮನೆಯಲ್ಲಿ ಅವ್ವ ಚಹಾ ಸೋಸುತ್ತಿದ್ದಳು. ಧಾರವಾಡ ಬಿಟ್ಟು ಎಷ್ಟೋ ವರ್ಷವಾದರೂ ಅವಳ ಅಡುಗೆಮನೆಯೊಳಗೆ ಮರಾಠಿಗೆ ಪ್ರವೇಶವಿರಲಿಲ್ಲ.

“ಯಾಕ ಮುಖ ಊದಿಸ್ಕೊಂಡಿ?”

“ಜೆಟ್ ಎಷ್ಟು ಸೋಸೇದ ಅಂತ ಹೇಳಬೇಕವ್ವಾ. ಲೆಕ್ಕ ಸಿಗವಲ್ದು.”

“ಸೋಸಿ ಏನ ಎಣಿಸಿದಿ? ಮ್ಯಾಲ ಉಳದದ್ದೋ, ಕೆಳಗ ಇಳದದ್ದೋ?”

“ಅಯ್ಯ, ಅದು ನಮ್ಮ ಸೋಸೋದಲ್ಲ, ಮರಾಠಿ ಸೋಸೋದು!” ಎಂದು ರೇಗಿದೆ. ಆಗಲೇ ಹೊಳೆಯಿತು.

ನನ್ನ ಪ್ರೋಗ್ರಾಮಿನಲ್ಲೂ ಒಂದು ಜರಡಿ ಇತ್ತು! ನಿಧಾನದ ಸಣ್ಣ ಕಣಗಳು ಬರೀ ಗದ್ದಲ ಎಂದು, ಅವನ್ನು ತೆಗೆದುಹಾಕುವ ಒಂದು ಸಾಲನ್ನು ಎಂದೋ ನಾನೇ ಬರೆದು ಮರೆತಿದ್ದೆ. ಜೆಟ್ ಕಳೆದುಕೊಂಡ ಶಕ್ತಿಯೆಲ್ಲ ಆ ಸಣ್ಣ ಕಣಗಳಾಗಿ ದಿಕ್ಕುದಿಕ್ಕಿಗೆ ಹರಡಿತ್ತು. ನಾನು ಚಹಾಪುಡಿ ಎಣಿಸಿ ಚಹಾವನ್ನೇ ಮೋರಿಗೆ ಚೆಲ್ಲಿದ್ದೆ. ಎಂಥಾ ಪೆದ್ದಿ!

ಲೋಕಲ್ ರೈಲು ಹಿಡಿದು ಶಿವಾಜಿನಗರಕ್ಕೆ ಬಂದು, ಅಲ್ಲಿಂದ ಲ್ಯಾಬಿಗೆ ಓಡಿದೆ. ಆ ಸಾಲು ಅಳಿಸಿ ಲೆಕ್ಕ ಓಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಒಳಗೆ ಹೋದದ್ದೂ ಹೊರಗೆ ಬಂದದ್ದೂ ತಾಳೆಯಾಯಿತು. ಖಾಲಿ ಲ್ಯಾಬಿನಲ್ಲಿ ಒಬ್ಬಳೇ ಕುಣಿದೆ. ಗ್ರಾಫ್ ತಯಾರಿಸುತ್ತ ರಾತ್ರಿ ಅಲ್ಲೇ ಉಳಿದೆ.

ಸೋಮವಾರ ಗೈಡ್ ಗ್ರಾಫನ್ನು ಎರಡು ಸಲ ನೋಡಿದರು. ಎದ್ದು ಬಂದು ಕೈ ಕುಲುಕಿದರು. ಅಧ್ಯಾಯ ಉಳಿಯಿತು. ಅಲ್ಲಿಂದಲೇ ಮನೆಗೆ ಫೋನ್ ಹಚ್ಚಿದೆ.

“ಸಿಕ್ತವ್ವಾ! ಎಲ್ಲಾ ಚಹಾದಾಗ ಇತ್ತು.”

“ಹಂಗಾರ ಯಾರ ಸೋಸೋದು ಗೆದ್ದಿತು? ಅವರದೋ, ನಮ್ಮದೋ?”

“ನಮ್ಮದವ್ವಾ, ನಮ್ಮದು!” ಗೈಡ್ ಎದುರಿಗಿದ್ದಾರೆ ಎನ್ನುವುದನ್ನೂ ಮರೆತು ಕೂಗಿದೆ.