ಶುರುವಾಗದ ಕಾರಿನ ಆಟ

ಕೆ.ಆರ್. ಪೇಟೆಯಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲಿದ್ದ ಟೈಪಿಂಗ್ ಶಾಲೆಗೆ ಕಂಪ್ಯೂಟರ್ ಬಂದಾಗ, ಅದನ್ನು ಕಲಿಸಲು ನನ್ನನ್ನು ಇಟ್ಟುಕೊಂಡರು. ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಒಂದು ಕೋರ್ಸು ಮುಗಿಸಿ ಬಂದಿದ್ದೆ, ಅಷ್ಟೇ ನನ್ನ ವಿದ್ಯೆ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ನಾನು ಮೇಡಂ ಆದೆ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಕಂಪ್ಯೂಟರ್ ಅಂದರೆ ಟೀವಿಗೆ ಟೈಪ್‌ರೈಟರ್ ಕಟ್ಟಿದ್ದಾರೆ ಅಂದುಕೊಂಡವರೇ ನಮ್ಮ ಕಡೆ ಹೆಚ್ಚು.

ನಾನು ಕೆಲಸಕ್ಕೆ ಹೋಗುವುದು ಮಾವನಿಗೆ ಸುತರಾಂ ಇಷ್ಟವಿರಲಿಲ್ಲ. ಮಾವ ಅಂದರೆ ಅಮ್ಮನ ಅಣ್ಣ. ಅವರ ಮಗನಿಗೆ ನನ್ನನ್ನು ತಂದುಕೊಳ್ಳುವುದೆಂದು ನಾನು ಲಂಗ ಹಾಕುತ್ತಿದ್ದಾಗಲೇ ಆಡಿಕೊಂಡಿದ್ದರಂತೆ. ನನ್ನನ್ನು ಯಾರೂ ಕೇಳಿರಲಿಲ್ಲ, ಆ ಮಾತು ಬೇರೆ. ಅಮ್ಮ ತೀರಿಕೊಂಡ ಮೇಲೆ ಅಪ್ಪನಿಗೆ ಮಾವನ ಮಾತು ತೆಗೆದುಹಾಕುವ ಧೈರ್ಯ ಇರಲಿಲ್ಲ. ಕೊನೆಗೆ ಅಪ್ಪ ಒಂದು ದಾರಿ ಹುಡುಕಿದರು. "ಬಾವ, ಒಂದ್ಸಲ ಬಂದು ನೋಡಿ ಅದೇನ್ ಕೆಲ್ಸ ಮಾಡ್ತಾಳೆ ಅಂತ. ನೋಡಿದ್ಮೇಲೂ ಬ್ಯಾಡ ಅಂದ್ರೆ ನೀವ್ ಏಳ್ದಂಗೇ ಆಗ್ಲಿ" ಅಂದರು. ಮಾವ ಒಪ್ಪಿದರು. ನನ್ನ ಹಣೆಬರಹ ಒಂದು ಬೆಳಗಿನ ಮೇಲೆ ನಿಂತಿತು.

ಅವರಿಬ್ಬರೂ ಅಕ್ಕಿಹೆಬ್ಬಾಳಿನ ಕಡೆಯ ನಮ್ಮೂರಿನಿಂದ ಬಸ್ಸಿನಲ್ಲಿ ಬಂದದ್ದು ನಮ್ಮ ಶಾಲೆಯ ಆಯುಧಪೂಜೆಯ ದಿನ. ಶಾಲೆಯ ಯಜಮಾನರು ಅಂದು ಊರಿನ ತಂದೆತಾಯಿಗಳನ್ನೆಲ್ಲ ಕರೆದಿದ್ದರು. ಪೂಜೆ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಕಾರಿನ ಪಂದ್ಯದ ಆಟ ತೋರಿಸಿ, ಮಕ್ಕಳನ್ನು ಸೇರಿಸಿಕೊಳ್ಳುವುದು ಅವರ ಯೋಚನೆ. ಲೆಕ್ಕಪತ್ರ ತೋರಿಸಿದರೆ ಯಾರು ಬಾಯಿ ಬಿಟ್ಟು ನೋಡುತ್ತಾರೆ? ಕಾರು ಓಡಬೇಕು. ಆಟವಿದ್ದ ಫ್ಲಾಪಿ, ಅಕ್ಕಿ ಹಪ್ಪಳದಂತೆ ಬಳುಕುವ ಕಪ್ಪು ತಟ್ಟೆ, ಅವರ ಬೀರುವಿನಲ್ಲಿ ಬೀಗದೊಳಗಿರುತ್ತಿತ್ತು. ಬೆಳಿಗ್ಗೆಯೇ ನನಗೆ ಎಚ್ಚರಿಕೆ ಕೊಟ್ಟಿದ್ದರು: "ನೋಡಮ್ಮ, ನಿಮ್ಮೂರೋರು ನೆಂಟರು ಅಂತ ಯಾರನ್ನಾದ್ರೂ ಕರ್ಕೊಂಬಂದು ಮಿಷನ್ ಮುಟ್ಸಿದ್ಯೋ, ನಾಳೆಯಿಂದ ನೀನೂ ಬರ್ಬೇಡ."

ಅದಕ್ಕೇ ಅಪ್ಪನನ್ನೂ ಮಾವನನ್ನೂ ಬಾಗಿಲಲ್ಲಿ ಕಂಡಾಗ ಕಣ್ಣಲ್ಲೇ "ಕೂತ್ಕೊಳ್ಳಿ" ಅಂದೆನೇ ಹೊರತು ಯಜಮಾನರಿಗೆ ಪರಿಚಯ ಮಾಡಿಸಲಿಲ್ಲ. ಜಾಗವಿಲ್ಲದೆ ಇಬ್ಬರೂ ಜನರ ಮಧ್ಯೆ ನಿಂತರು. ಮಂಗಳಾರತಿ ಆಯಿತು. ಕಂಪ್ಯೂಟರಿಗೆ ಸೇವಂತಿಗೆ ಹಾರ, ನೆತ್ತಿಗೆ ಅರಿಶಿನ ಕುಂಕುಮ. ಬಂದವರೆಲ್ಲ ಒಬ್ಬೊಬ್ಬರಾಗಿ ಅಕ್ಷತೆ ಹಾಕಿ ಕೈಮುಗಿದರು. ನಾನು ಒಳಕೋಣೆಯಲ್ಲಿ ಪ್ರಸಾದದ ಚರ್ಪು ಹಂಚಲು ಪುರಿ, ಕಡಲೆ ಕಲೆಸುತ್ತಿದ್ದೆ.

ಆಮೇಲೆ ಕರೆ ಬಂತು. ಹಾರ ತೆಗೆದು, ಸ್ವಿಚ್ ಹಾಕಿ, ಫ್ಲಾಪಿಯನ್ನು ಸೀಳಿನೊಳಗೆ ತೂರಿಸಿ, ಚಿಲಕದಂಥ ಹಿಡಿಯನ್ನು ತಿರುಗಿಸಿದೆ. ಆಟದ ಹೆಸರು ಒತ್ತಿದೆ. ಡ್ರೈವ್ ಕರಕರ ಅಂದಿತು. ಪರದೆಯ ಮೇಲೆ ಬಂದದ್ದು ಕಾರಲ್ಲ, ಫ್ಲಾಪಿ ಓದಲಾಗುತ್ತಿಲ್ಲ ಅನ್ನುವ ಬಿಳಿ ಇಂಗ್ಲಿಷ್ ಸಾಲು. ಬಿಟ್ಟುಬಿಡಲೋ, ಮತ್ತೆ ಪ್ರಯತ್ನಿಸಲೋ ಅಂತ ನನ್ನನ್ನೇ ಕೇಳುತ್ತಿತ್ತು. ಮತ್ತೆ ಅಂದೆ. ಮತ್ತೆ ಕರಕರ, ಮತ್ತೆ ಅದೇ ಸಾಲು.

"ಆಗ್ತದೆ, ಆಗ್ತದೆ" ಅಂದರು ಯಜಮಾನರು, ಜನರ ಕಡೆ ಹಲ್ಲು ಬಿಟ್ಟು.

ಫ್ಲಾಪಿಗೆ ಬೂಷ್ಟು ಹಿಡಿದಿರಬೇಕೆಂದು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ. ಆಗಲಿಲ್ಲ. ಆಟದ ಇನ್ನೊಂದು ಪ್ರತಿ ಇತ್ತು, ಅದನ್ನು ಹಾಕಿದೆ. ಅದಕ್ಕೂ ಅದೇ ಉತ್ತರ. ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಅದು ನಿಧಾನವಾಗಿ ಎದ್ದು ಕೂತಿತು, ಆಟ ಮಾತ್ರ ಏಳಲಿಲ್ಲ. ಹಿಂದಿನಿಂದ ಒಬ್ಬ "ಕರೆಂಟ್ ಕಮ್ಮಿ ಆಗೈತೆ ಕಣ್ಲಾ" ಅಂದ. ಇನ್ನೊಬ್ಬ "ಕರೆಂಟಲ್ಲ ಕಣ್ಲಾ, ಕಲ್ಸೋರ್ಗೇ ಬರಾಕಿಲ್ಲ" ಅಂದ. ಜನ ನಕ್ಕರು. ಮಾವ ಹೆಗಲ ಮೇಲಿನ ಟವೆಲ್ಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡದ್ದನ್ನು ಕಂಡೆ. ಹೊರಡುವವರ ಲಕ್ಷಣ ಅದು. ಥೂ ದರಿದ್ರದ್ದೇ, ದಿನವೂ ಓಡುವ ನೀನು ಇವತ್ತೇ ಸಾಯಬೇಕೇ ಅಂತ ಮನಸ್ಸಿನಲ್ಲೇ ಬೈದೆ.

ಫ್ಲಾಪಿ ಎರಡೂ ಕೆಟ್ಟಿರಲಾರವು. ಹಾಗಾದರೆ ಕೆಟ್ಟದ್ದು ಫ್ಲಾಪಿ ನುಂಗುವ ಬಾಯಿ. ಹಿಡಿಯನ್ನು ಮತ್ತೆ ತಿರುಗಿಸಿ ನೋಡಿದೆ, ಏನೋ ತಡೆಯುತ್ತಿತ್ತು. ಪ್ಲಗ್ಗು ಕಿತ್ತು, ಪೆಟ್ಟಿಗೆಯನ್ನು ಎತ್ತಿ ಮುಂದಕ್ಕೆ ಬಗ್ಗಿಸಿ ಅಲ್ಲಾಡಿಸಿದೆ. ಮೇಜಿನ ಮೇಲೆ ಅರಿಶಿನದ ಅಕ್ಕಿಕಾಳು ಉದುರಿದವು. ಆಮೇಲೆ ಒಂದು ಸೇವಂತಿಗೆ ಎಸಳು. ಆಮೇಲೆ ಇನ್ನಷ್ಟು ಅಕ್ಕಿ.

ಕೋಣೆಗೆ ಕೋಣೆಯೇ ಗೊಳ್ಳೆಂದಿತು. ಯಜಮಾನರಿಗೆ ಮೈಮೇಲೆ ಬಂದಂತಾಯಿತು. "ಯಾವನ್ರೀ ಅವನು ಇದರೊಳಗೆ ಅಕ್ಕಿ ತುಂಬಿದ್ದು? ಇದೇನು ಬೀಸೋ ಕಲ್ಲಾ?"

ಯಾರೆಂದು ನನಗೆ ಆಗಲೇ ಗೊತ್ತಾಗಿತ್ತು. ನಮ್ಮ ಮನೆಯ ಪೂಜೆಯಲ್ಲಿ ಅಕ್ಷತೆಯನ್ನು ಮೇಲೆ ಎರಚಿದರೆ ಅಪ್ಪನಿಗೆ ಸಮಾಧಾನವಿಲ್ಲ. ಕೊಡುವವನು ಬಾಯಿಗೆ ಕೊಡಬೇಕು ಅನ್ನುವುದು ಅವರ ಪದ್ಧತಿ. ಎತ್ತುಗಳಿಗೆ ಬೆಲ್ಲ ಬಾಯಿಗೇ. ಪಂಪ್‌ಸೆಟ್ಟಿಗೆ ನೀರು ಬರುವ ಪೈಪಿನ ಬಾಯಿಗೆ ಒಂದು ಚಿಟಿಕೆ, ರಾಗಿ ಕಲ್ಲಿಗೆ ಗುಳಿಯೊಳಗೆ ಒಂದು ಚಿಟಿಕೆ. ಮಗಳಿಗೆ ಅನ್ನ ಕೊಡುವ ಯಂತ್ರ, ಎದುರಿಗೇ ಅಷ್ಟಗಲ ಬಾಯಿ. ಚಿಟಿಕೆ ಸಾಲದೆಂದು ಹಿಡಿಯಷ್ಟು ಕೊಟ್ಟಿದ್ದರು.

"ನಾನೇ ಬುದ್ದಿ" ಅಂತ ಅಪ್ಪ ಮುಂದೆ ಬಂದರು. ಒಗೆದು ಮಡಿಸಿದ ಪಂಚೆ, ಬರಿಗಾಲು, ಬೆರಳ ತುದಿಯಲ್ಲಿ ಇನ್ನೂ ಅರಿಶಿನ. "ಒಳ್ಳೇದಾಗ್ಲಿ ಅಂತ ಆಕ್ದೆ. ಇಂಗಾಗ್ತದೆ ಅಂತ ತಿಳೀನಿಲ್ಲ."

ಪ್ಯಾಂಟು ಹಾಕಿದ ತಂದೆಯರು, ಸೀರೆಯ ನೆರಿಗೆ ಹಿಡಿದ ತಾಯಂದಿರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಯಜಮಾನರು ನನ್ನ ಕಡೆ ತಿರುಗಿದರು. "ಯಾರಮ್ಮ ಇವರು? ನಿಮ್ಮ ಕಡೆಯೋರಾ?"

ನಮ್ಮಪ್ಪ ಅನ್ನಲು ಎಷ್ಟು ಹೊತ್ತು ಬೇಕು? ನಾನು ಮೇಜಿನ ಮೇಲಿನ ಅಕ್ಕಿಕಾಳು ಗುಡ್ಡೆ ಮಾಡತೊಡಗಿದೆ. ಅಪ್ಪ ನನ್ನ ಮುಖ ನೋಡಿದರು. ಒಂದೇ ಸಲ ನೋಡಿ ಯಜಮಾನರ ಕಡೆ ತಿರುಗಿದರು.

"ಇಲ್ಲ ಬುದ್ದಿ, ಈ ಎಣ್ಮಗ ಯಾರೋ ನಂಗೊತ್ತಿಲ್ಲ. ಸಂತೆಗ್ ಬಂದಿದ್ದೆ. ಮೇಲೆ ಪೂಜೆ ನಡೀತಾ ಐತೆ ಅಂದ್ರು, ಕೈ ಮುಗ್ಯಾನ ಅಂತ ಅತ್ತಿ ಬಂದೆ. ತಪ್ಪಾಯ್ತು."

ಕೈಮುಗಿದು ಮೆಟ್ಟಿಲಿಳಿದು ಹೋದರು. ಮಾವ ಅವರ ಹಿಂದೆಯೇ ಇಳಿದರು.

ನಾನು ಹತ್ತಿಗೆ ಸ್ಪಿರಿಟ್ ಹಾಕಿ ಆ ಸೀಳನ್ನು ಒರೆಸಿದೆ. ಹತ್ತಿ ಹಳದಿಯಾಗಿ ಬಂತು. ಪ್ಲಗ್ಗು ಸಿಕ್ಕಿಸಿ, ಫ್ಲಾಪಿ ಹಾಕಿ, ಆಟದ ಹೆಸರು ಒತ್ತಿದೆ. ಈ ಸಲ ಕೆಂಪು ಕಾರು ಬಂದೇ ಬಂತು. ಮಕ್ಕಳು ಚಪ್ಪಾಳೆ ಹೊಡೆದರು. ಯಜಮಾನರು ನನ್ನ ಬೆನ್ನಿನ ಹಿಂದೆ ನಿಂತು, "ನಮ್ಮ ಮೇಡಂ ಎಂಥಾ ರಿಪೇರಿನಾದ್ರೂ ಮಾಡ್ತಾರೆ" ಅಂದರು. ನಾನು ಕಾರು ಓಡಿಸುತ್ತಲೇ ಇದ್ದೆ. ಎದ್ದು ಆ ಮೆಟ್ಟಿಲಿಳಿದು ಓಡಬೇಕಿತ್ತು. ಓಡಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿಗೆ ಬಂದರೆ ಇಬ್ಬರೂ ಕಾಯುತ್ತಿದ್ದರು. ಅಪ್ಪ ಏನೂ ಆಗದವರಂತೆ "ಉಂಡ್ಯೇನವ್ವಾ?" ಅಂದರು. ಹೂಂ ಅಂತ ತಲೆಯಾಡಿಸಿದೆ, ಊಟ ಮಾಡಿರಲಿಲ್ಲ. ಬಸ್ಸಿನಲ್ಲಿ ಅವರಿಬ್ಬರೂ ಮುಂದೆ ಕೂತರು, ನಾನು ಅವರ ಹಿಂದಿನ ಸೀಟಿನಲ್ಲಿ. ಊರು ಇನ್ನೇನು ಬಂತು ಅನ್ನುವಾಗ ಮಾವ ಅಪ್ಪನ ಕಡೆ ತಿರುಗಿದರು.

"ಅವ್ಳು ಕೆಲ್ಸುಕ್ಕೆ ಓಗ್ಲಿ ಬುಡಿ ಬಾವ. ಮಗ್ಳೇ ಅಲ್ಲ ಅಂದ್ಬುಟ್ಟು ಅವ್ಳ ಕೆಲ್ಸ ಉಳಿಸ್ಕೊಟ್ರಿ. ಇನ್ನು ನಾನ್ ಯಾವ್ ಬಾಯಲ್ಲಿ ಬ್ಯಾಡ ಅನ್ಲಿ?"

ಅಪ್ಪ ತಿರುಗಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಒಂದಿಷ್ಟು ನೋವೋ ಸಿಟ್ಟೋ ಕಂಡಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಗೆದ್ದವರಂತೆ ನಗುತ್ತಿದ್ದರು.