ಎಣ್ಣೆ ಬುಧವಾರ, ಥೋರಾಳ ಶುಕ್ರವಾರ

ಹಾಲ್ಸೆ ದ್ವೀಪದವರು ಬುಧವಾರ ಪಟ್ಟಣಕ್ಕೆ ಹೋಗುವಂತಿರಲಿಲ್ಲ. ಅಂದು ದ್ವೀಪಕ್ಕಿದ್ದ ಒಂದೇ ಹಡಗಿನಲ್ಲಿ ಎಣ್ಣೆಯ ಲಾರಿ ಓಡಾಡುತ್ತಿತ್ತು. ಮನೆ ಬೆಚ್ಚಗಿಡುವ ಸೀಮೆಎಣ್ಣೆ, ಟ್ರ್ಯಾಕ್ಟರಿನ ಡೀಸೆಲ್ ಎಲ್ಲವೂ ಅದರಲ್ಲೇ ಬರಬೇಕು. ಬೆಂಕಿಯ ಭಯಕ್ಕೆ ಆ ದಿನ ಒಬ್ಬ ಪ್ರಯಾಣಿಕನನ್ನೂ ಹತ್ತಿಸಬಾರದೆಂಬ ನಿಯಮವಿತ್ತು. ಹಲ್ಲುನೋವು ಬರುವುದಾದರೆ ಬುಧವಾರ ಬಿಟ್ಟು ಬರಲಿ ಎಂದು ಜನ ಹೇಳಿಕೊಳ್ಳುತ್ತಿದ್ದರು.

ಈ ನಿಯಮವನ್ನು ಕಾಯುತ್ತಿದ್ದವಳು ಥೋರಾ ಡ್ರೆವರ್. ತಾನು ದುಡಿಯುತ್ತಿದ್ದ ಮೀನಿನ ಶೆಡ್ಡು ಮುಚ್ಚಿದ ಮೇಲೆ ಅವಳಿಗೆ ಹಡಗುಕಟ್ಟೆ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಹಡಗಿನ ಹಗ್ಗ ಕಟ್ಟುವುದು, ಬಿಚ್ಚುವುದು, ಯಾವುದು ಹತ್ತಬೇಕು ಯಾವುದು ನಿಲ್ಲಬೇಕು ಎಂದು ಹೇಳುವುದು. ಮದುವೆಯಾಗಿರಲಿಲ್ಲ. ತಾಯಿ ಬೇಗ ತೀರಿಕೊಂಡದ್ದರಿಂದ ತಮ್ಮ ಎರ್ಲೆಂಡನನ್ನು ಬೆಳೆಸಿದವಳು ಅವಳೇ. ಊರಿನ ಕುಣಿತದ ಸಂಜೆಯೊಂದರಲ್ಲಿ ನಾಚಿ ಗೋಡೆಗಂಟಿ ನಿಂತಿದ್ದ ಅವನನ್ನು ರೊಬೀನಾಳ ಕಡೆ ದೂಡಿದವಳೂ ಅವಳೇ. ಅವರಿಬ್ಬರ ಸಂಸಾರವೇ ಥೋರಾಳ ಮನೆಯೂ ಆಗಿತ್ತು. ಭಾನುವಾರದ ಊಟ ಅವಳಿಗೆ ಅಲ್ಲೇ.

ಗುಡ್ಡದ ಮೇಲೆ ಊರಿನವರೇ ಸೇರಿ ಹಾಕಿಸಿದ ಗಾಳಿಯಂತ್ರವಿತ್ತು. ಗಾಳಿ ಜೋರಾದ ದಿನವೇ ಅದು ನಿಲ್ಲುತ್ತಿತ್ತು. ವಿದ್ಯುತ್ತನ್ನು ಹೊರಗೆ ಒಯ್ಯುವ ಸಮುದ್ರದಡಿಯ ತಂತಿ ಅಷ್ಟನ್ನು ತಾಳದು, ನಿಲ್ಲಿಸಿ ಎಂದು ದಕ್ಷಿಣದ ವಿದ್ಯುತ್ ಕಚೇರಿಯಿಂದ ಅಪ್ಪಣೆ ಬರುತ್ತಿತ್ತು. ಹೊರಗೆ ಅಷ್ಟು ಗಾಳಿ ಬೀಸುವಾಗ ಒಳಗೆ ಜನ ಎಣ್ಣೆ ಉರಿಸಿ ಮೈ ಕಾಯಿಸಿಕೊಳ್ಳುತ್ತಿದ್ದರು. ಥೋರಾಳಿಗೆ ಇದು ಗಂಟಲಲ್ಲಿ ಇಳಿಯದ ತುತ್ತಾಗಿತ್ತು.

ಹಾಗಾಗಿ ಹೈಡ್ರೋಜನ್ ಕಂಪನಿಯವರು ಊರ ಸಭೆಗೆ ಬಂದಾಗ ಅವಳು ಮುಂದಿನ ಸಾಲಿನಲ್ಲೇ ಕುಳಿತಳು. ಅವರ ಮಾತು ಹೆಚ್ಚಿನವರಿಗೆ ತಿಳಿಯಲಿಲ್ಲ. ಕೊನೆಗೆ ಥೋರಾ ಎದ್ದು ತನಗೆ ತಿಳಿದಷ್ಟನ್ನು ತನ್ನ ಮಾತಿನಲ್ಲಿ ಹೇಳಿದಳು. ಪೋಲಾಗುವ ವಿದ್ಯುತ್ತಿನಿಂದ ನೀರನ್ನು ಒಡೆದರೆ ಹೈಡ್ರೋಜನ್ ಅನಿಲ ಬರುತ್ತದೆ, ಅದನ್ನು ತುಂಬಿಟ್ಟುಕೊಂಡರೆ ಮುಂದೆ ಹಡಗು, ಕಾರು, ಒಲೆ ಎಲ್ಲಕ್ಕೂ ಆಗುತ್ತದೆ.

"ಗಾಳೀನ ಡಬ್ಬಿಗೆ ತುಂಬ್ತಾರಂತೆ," ಎಂದ ಹಿಂದಿನಿಂದ ಮುದುಕ ಫ್ಲೆಟ್. "ಹಾಗಿದ್ರೆ ನನ್ನ ಹೆಂಡ್ತಿ ನನ್ನನ್ನೇ ಕಳಿಸ್ತಾಳೆ. ರಾತ್ರಿಯೆಲ್ಲಾ ಬಿಟ್ಟಿ ಸಿಗುತ್ತೆ."

ಸಭೆ ನಕ್ಕಿತು. ಥೋರಾಳೂ ನಕ್ಕು, "ನಗ್ರಪ್ಪಾ ನಗ್ರಿ. ಆದ್ರೆ ಎಣ್ಣೆ ಬುಧವಾರ ಅನ್ನೋದೇ ಇರಲ್ಲ, ನೋಡ್ತಾ ಇರಿ," ಎಂದಳು. ಆಮೇಲೆ ಮನೆಮನೆಗೆ ಹೋಗಿ ಅದನ್ನೇ ಹೇಳಿದಳು. ಜನ ಕಂಪನಿಯನ್ನು ನಂಬಲಿಲ್ಲ, ಥೋರಾಳನ್ನು ನಂಬಿ ಕೈ ಎತ್ತಿದರು.

ಹಳೆಯ ಕಲ್ಲುಗಣಿಯ ಪಕ್ಕ ಕಾರ್ಖಾನೆ ಎದ್ದಿತು. ತುಂಬಿದ ಅನಿಲ, ಅದನ್ನು ಕೊಳ್ಳುವವರಿದ್ದ ಪಟ್ಟಣಕ್ಕೆ ಹೋಗಬೇಕಿತ್ತು. ಹೋಗುವುದು ಅದೇ ಡೀಸೆಲ್ ಹಡಗಿನಲ್ಲಿ. ಅದಕ್ಕೂ ಬೆಂಕಿಯ ಭಯವಿತ್ತು, ಅದೇ ನಿಯಮ ಬಂತು. ಬುಧವಾರ ಹಾಗೆಯೇ ಉಳಿಯಿತು, ಶುಕ್ರವಾರವೂ ಪ್ರಯಾಣಿಕರ ಕೈತಪ್ಪಿತು. ಜನ ಅದಕ್ಕೆ ಥೋರಾಳ ಶುಕ್ರವಾರ ಎಂದು ಹೆಸರಿಟ್ಟರು.

ಅವಳು ಒಮ್ಮೆ ಕಾರ್ಖಾನೆಯ ಇಂಜಿನಿಯರನನ್ನು ಕೇಳಿದಳು, ಎಣ್ಣೆ ಬುಧವಾರ ಯಾವಾಗ ಇಲ್ಲವಾಗುತ್ತದೆ ಎಂದು. ಅವನು ಒಳ್ಳೆಯವನು, ಮರೆಮಾಚಲಿಲ್ಲ. ನೀರು ಒಡೆಯುವುದರಲ್ಲಿ, ಅನಿಲ ಒತ್ತಿ ತುಂಬುವುದರಲ್ಲಿ, ಮತ್ತೆ ಅದನ್ನು ವಿದ್ಯುತ್ತು ಮಾಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತು ಸೋರಿಹೋಗುತ್ತದೆ ಎಂದ. ದೊಡ್ಡ ಹಡಗಿಗೋ ಉಕ್ಕಿನ ಕುಲುಮೆಗೋ ಮುಂದೊಂದು ದಿನ ಅದು ಬೇಕಾದೀತು. ಮನೆ ಬೆಚ್ಚಗಿಡಲು ಗಾಳಿಯಂತ್ರದಿಂದ ನೇರ ತಂತಿ ಎಳೆಯುವುದೇ ಮೇಲು. ಹಾಗಾದರೆ ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದಳು ಥೋರಾ.

"ನೀವೇ ಎಲ್ಲಾ ಹೇಳಿಬಿಟ್ರಲ್ಲ," ಎಂದ ಅವನು.

ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಶುರುವಾದದ್ದು ಬಿದ್ದುಹೋಗಬಾರದು, ನಡೆಯುತ್ತಾ ನಡೆಯುತ್ತಾ ಸರಿಹೋಗುತ್ತದೆ ಎಂದುಕೊಂಡಳು.

ಆ ಚಳಿಗಾಲ ರೊಬೀನಾ ಕಾಯಿಲೆಬಿದ್ದು ಪಟ್ಟಣದ ಆಸ್ಪತ್ರೆ ಸೇರಿದಳು. ಒಂದು ಶುಕ್ರವಾರ ಬೆಳಿಗ್ಗೆ ಅಲ್ಲಿಂದ ಎರ್ಲೆಂಡನಿಗೆ ಫೋನ್ ಬಂತು, ಬೇಗ ಬನ್ನಿ ಎಂದು. ಮಂಜು ಕವಿದು, ತುರ್ತಿಗೆಂದು ಬರುವ ಪುಟ್ಟ ವಿಮಾನವೂ ಬಂದಿರಲಿಲ್ಲ. ಸಣ್ಣ ದೋಣಿಗಳೆಲ್ಲ ಚಳಿಗಾಲಕ್ಕೆಂದು ದಡದ ಮೇಲಿದ್ದವು. ಅವನು ಕಟ್ಟೆಗೆ ಓಡಿ ಬಂದಾಗ ಅನಿಲದ ಲಾರಿ ಹಡಗು ಹತ್ತಿಯಾಗಿತ್ತು.

"ಅಕ್ಕ, ಅದನ್ನ ಇಳಿಸು. ನಾಳೆ ಹೋಗ್ಲಿ."

ಲಾರಿಯನ್ನು ತಡೆಯುವ ಅಧಿಕಾರ ಅವಳಿಗಿತ್ತು. ಆದರೆ ಬಿರುಗಾಳಿಯಿಂದಲೋ ಅಲೆಯಿಂದಲೋ ಅನಿಲ ಹಲವು ಸಲ ತಪ್ಪಿ, ಇನ್ನೊಂದು ಸಲ ತಪ್ಪಿದರೆ ನಮಗೆ ಬೇಡವೇ ಬೇಡ ಎಂದು ಪಟ್ಟಣದವರು ಹೇಳಿ ಕಳಿಸಿದ್ದರು.

"ಇವತ್ತು ಹೋಗ್ಲಿಲ್ಲ ಅಂದ್ರೆ ಎಲ್ಲಾ ಮುಗಿದುಹೋಗುತ್ತೆ ಕಣೋ," ಎಂದಳು ಥೋರಾ. "ನಾಳೆ ಮೊದಲನೇ ಹಡಗಿಗೆ ನಿನ್ನನ್ನ ನಾನೇ ಹತ್ತಿಸ್ತೀನಿ. ರೊಬೀನಾ ಗಟ್ಟಿಗಿತ್ತಿ. ನಾಳೆ ತನಕ..."

"ನಾಳೆ ತನಕ ಏನು?"

ಹಡಗಿನ ಕಪ್ತಾನ ಮೇಲಿನಿಂದ ಬಗ್ಗಿ ಕೇಳಿದ, "ನೀನೇ ಹೇಳು ಥೋರಾ. ಲಾರೀನೋ, ಇವನೋ?"

ಅವಳು ಬಗ್ಗಿ ಹಗ್ಗ ಬಿಚ್ಚಿದಳು.

ಅಂದು ದೀಪ ಹಚ್ಚುವ ಹೊತ್ತಿಗೆ ರೊಬೀನಾ ತೀರಿಹೋದಳು. ಶನಿವಾರ ಎರ್ಲೆಂಡ ಹೋಗಿ, ಶವಪೆಟ್ಟಿಗೆಯೊಂದಿಗೆ ಹಿಂದಿರುಗಿದ. ಆ ಹಡಗಿನ ಹಗ್ಗ ಹಿಡಿದು ಕಟ್ಟಿದವಳು ಥೋರಾಳೇ. ಮಣ್ಣು ಮಾಡುವಾಗ ಅವನು ಅವಳ ಕಡೆ ನೋಡಲಿಲ್ಲ. ಭಾನುವಾರದ ಊಟಕ್ಕೆ ಕರೆಯುವುದೂ ನಿಂತಿತು. ಎರಡು ಬಾರಿ ಅವಳು ತಾನಾಗಿ ಹೋದಳು. ಒಳಗೆ ದೀಪವಿತ್ತು, ಬಾಗಿಲು ತೆರೆಯಲಿಲ್ಲ.

ಬೇಸಿಗೆಗೆ ಮುಂಚೆ ಕಾರ್ಖಾನೆ ಮುಚ್ಚಿತು. ಆ ಶುಕ್ರವಾರದಿಂದ ಒಮ್ಮೆಯೂ ತಪ್ಪದೆ ಅನಿಲ ಹೋಗುತ್ತಿದ್ದರೂ ಪಟ್ಟಣದವರಿಗೆ ಅದು ದುಬಾರಿಯಾಗಿತ್ತಂತೆ. ಕಂಪನಿಯವರು ತಿಳಿಸುವ ಮೊದಲೇ ಊರಿಗೆ ಗೊತ್ತಾಗಿತ್ತು. ಗಾಳಿಯಂತ್ರ ಮತ್ತೆ ಒಳ್ಳೆಯ ಗಾಳಿಯಲ್ಲಿ ನಿಂತುಕೊಂಡಿತು, ಎಣ್ಣೆಯ ಲಾರಿ ಬುಧವಾರ ಬರುತ್ತಲೇ ಇತ್ತು.

ಪ್ರಯಾಣಿಕರಿಗೆ ಹಡಗು ಮತ್ತೆ ತೆರೆದ ಮೊದಲ ಶುಕ್ರವಾರ ಎರ್ಲೆಂಡ ಕೈಚೀಲ ಹಿಡಿದು ಕಟ್ಟೆಗೆ ಬಂದ. ಮಣ್ಣು ಮಾಡಿದ ದಿನದಿಂದ ಅವನು ಅವಳೆದುರು ಬಂದಿರಲಿಲ್ಲ. ಥೋರಾ ಹಗ್ಗ ಹಿಡಿದೇ ಕಾದಳು, ಅವನು ಏನಾದರೂ ಅನ್ನಲಿ, ಬೈಯಲಿ ಎಂದು.

ಅವನು ಟೋಪಿ ತೆಗೆದ. ಊರಿಗೆ ಹೊಸಬನಂತೆ ಕೇಳಿದ, "ಇವತ್ತು ಜನರನ್ನ ಹತ್ತಿಸ್ತೀರಾ, ಮಿಸ್ ಡ್ರೆವರ್?"

"ಹತ್ತಬಹುದು," ಎಂದಳು ಥೋರಾ.

"ಉಪಕಾರ ಆಯ್ತು ನಿಮ್ಮಿಂದ," ಎಂದು ಅವನು ಹಡಗು ಹತ್ತಿದ.